ಚಿಕ್ಕಮ್ಮ ಬಿಚ್ಚಿದ ನಾಲ್ಕು ಚಕ್ರ

ಟೈರಂಗಡಿಯ ಬೋರ್ಡಿನ ಮೇಲೆ ನನ್ನ ಚಿಕ್ಕಪ್ಪನ ತಂದೆಯ ಹೆಸರಿದೆ. ಅದರ ಪಕ್ಕದಲ್ಲಿ ‘ಮತ್ತು ಮಗ’ ಎಂದಿದೆ. ಆ ಮಗ ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಚಕ್ರ ಬಿಚ್ಚುವವಳು, ರಿಮ್ಮಿನಿಂದ ಟೈರು ಕಳಚುವವಳು, ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುವವಳು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಮದುವೆಯಾದ ಮೂರನೇ ವರ್ಷ ಚಿಕ್ಕಪ್ಪನ ಸೊಂಟ ಹಿಡಿದುಕೊಂಡಾಗ, ‘ಎರಡು ದಿನ ಸ್ವಲ್ಪ ನೋಡ್ಕೋ’ ಎಂದಿದ್ದರಂತೆ. ಆ ಎರಡು ದಿನಕ್ಕೆ ಈಗ ಇಪ್ಪತ್ತಾರು ವರ್ಷ. ಸೊಂಟ ಯಾವಾಗಲೋ ನೆಟ್ಟಗಾಯಿತು, ಕುರ್ಚಿಯೇ ಅವರನ್ನು ಬಿಡಲಿಲ್ಲ.

ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಚಿಕ್ಕಮ್ಮ ಇಳಿಜಾರಿನ ಕೆಳಗಿನ ನಲ್ಲಿಯಿಂದ ಆರು ಕೊಡ ನೀರು ಹೊತ್ತು, ಎರಡು ಹೊತ್ತಿನ ಅಡುಗೆ ಮುಗಿಸಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಲ್ಲಿ ಎಣಿಸಿಟ್ಟು ಬಂದಿರುತ್ತಾಳೆ. ಊರವರು ಕರೆಯುವುದು ಜಾಕಿ ಅಕ್ಕ ಎಂದು.

“ಎಂಥ ಭಾರ ಇದ್ರೂ ಎತ್ತಿಬಿಡ್ತಾಳೆ ನೋಡಿ,” ಎಂದು ಚಿಕ್ಕಪ್ಪ ಗಿರಾಕಿಗಳ ಮುಂದೆ ಹೊಗಳುವುದುಂಟು.

“ಜಾಕೀನ ಆಗಾಗ ಇಳಿಸ್ಲೂಬೇಕು ಕಣ್ರೀ,” ಎನ್ನುತ್ತಾಳೆ ಚಿಕ್ಕಮ್ಮ, ಪಾನಾ ತಿರುಗಿಸುತ್ತಲೇ.

ಅವಳ ಋಣ ನಮ್ಮ ಮೇಲೆ ದೊಡ್ಡದು. ನನ್ನ ಅಕ್ಕನನ್ನು ಕೊಟ್ಟಿರುವುದು ಗುಡ್ಡದ ತುದಿಯ ಹಳ್ಳಿಗೆ. ಅಲ್ಲಿಗೆ ಬಸ್ಸಿಲ್ಲ. ವಾರಕ್ಕೊಮ್ಮೆ ಆಸ್ಪತ್ರೆಯ ಟ್ರಕ್ಕು ಕಲ್ಲುದಾರಿಯಲ್ಲಿ ಐದು ಹಳ್ಳಿ ಹತ್ತುತ್ತಿತ್ತು, ಕೊನೆಯದು ಅಕ್ಕನದು. ಅವಳ ಮೊದಲ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ರಕ್ತದೊತ್ತಡ ಏರಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಈ ಸಲ ಪ್ರತಿ ವಾರ ತಪ್ಪದೆ ನೋಡಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಏಳು ತುಂಬುವ ಹೊತ್ತಿಗೆ ಸರಿಯಾಗಿ ಟ್ರಕ್ಕು ನಾಲ್ಕನೇ ಹಳ್ಳಿಯಿಂದಲೇ ವಾಪಸಾಗತೊಡಗಿತು. ತಿಂಗಳಿಗೆಂದು ಕೊಡುವ ಡೀಸೆಲ್ ಮೂರೇ ವಾರಕ್ಕೆ ಖಾಲಿಯಾಗುತ್ತಿತ್ತು.

ಒಂದು ಸೋಮವಾರ ನಾನು ಅಂಗಡಿಯಲ್ಲಿದ್ದೆ. ಟ್ರಕ್ಕು ಪಂಕ್ಚರ್ ಆಗಿ ಬಂತು. ನರ್ಸಮ್ಮ ಇಳಿದು ನನ್ನನ್ನು ಪಕ್ಕಕ್ಕೆ ಕರೆದರು. “ನಿಮ್ಮಕ್ಕಂಗೆ ಹೇಗಾದ್ರೂ ಕೆಳಗೆ ಬರಕ್ಕೆ ಹೇಳಮ್ಮ. ಇನ್ಮೇಲೆ ಅಲ್ಲಿಗೆ ಹತ್ತೋದು ಕಷ್ಟ.”

ಕಾಲು ಊದಿಕೊಂಡ ಬಸುರಿ ಹನ್ನೊಂದು ಕಿಲೋಮೀಟರ್ ಕಲ್ಲುದಾರಿ ನಡೆಯುವುದು ಹೇಗೆ? “ಯಾಕೆ ಹತ್ತಲ್ಲ?” ಎಂದೆ.

ಡ್ರೈವರ್ ತಲೆ ಕೆರೆದುಕೊಂಡ. “ಎಂಜಿನ್ ಕುಡಿಯತ್ತೆ ಅಕ್ಕಾ. ಇಬ್ಬರು ಮೆಕ್ಯಾನಿಕ್ ಬಿಚ್ಚಿ ನೋಡಿದ್ರು. ಏನೂ ಸಿಗಲಿಲ್ಲ.”

“ಎಂದಿನಿಂದ ಕುಡಿಯಕ್ಕೆ ಕಲೀತು?” ಚಿಕ್ಕಮ್ಮ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಈ ಟೈರ್ ಹಾಕಿಸಿದಾಗಿನಿಂದ,” ಎಂದವರು ನರ್ಸಮ್ಮ. ಡ್ರೈವರ್ ಬೇರೆ ಕಡೆ ನೋಡಿದ.

ಆದದ್ದಿಷ್ಟು. ಆಗಷ್ಟೇ ಮುಗಿದ ಮಳೆಗಾಲದ ಕೊನೆಯಲ್ಲಿ ಟ್ರಕ್ಕು ಒಮ್ಮೆ ಕೆಸರಿನಲ್ಲಿ ಹೂತುಕೊಂಡಿತ್ತು. ಹಳ್ಳಿಯ ಹೆಂಗಸರು ಸೆರಗು ಸಿಕ್ಕಿಸಿ ತಳ್ಳಿದ್ದರು. ಆ ಅವಮಾನಕ್ಕೆ ಡ್ರೈವರ್ ಕಲ್ಲುಕ್ವಾರಿಯ ಗಾಡಿಯೊಂದರ ಅಗಲವಾದ, ಮೈತುಂಬ ದಪ್ಪ ರಬ್ಬರ್ ಉಬ್ಬುಗಳಿರುವ ಬಟನ್ ಟೈರುಗಳನ್ನು, ದಪ್ಪ ಕಬ್ಬಿಣದ ರಿಮ್ಮಿನ ಸಮೇತ, ಬೇರೆ ಕಡೆ ಹಾಕಿಸಿಕೊಂಡು ಬಂದಿದ್ದ. ಹಳೆಯ ನಾಲ್ಕು ಆಸ್ಪತ್ರೆಯ ಶೆಡ್ಡಿನಲ್ಲಿದ್ದವು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಎಂದಳು ಚಿಕ್ಕಮ್ಮ. “ವರ್ಷದಲ್ಲಿ ಎಷ್ಟು ದಿನ ಕೆಸರಿರತ್ತೆ ತಮ್ಮಾ?”

“ಇಪ್ಪತ್ತು ದಿನ ಇರಬಹುದು.”

“ಇಪ್ಪತ್ತು ದಿನದ ಕೆಸರಿಗೆ ವರ್ಷವೆಲ್ಲಾ ಗಂಬೂಟ್ ಹಾಕ್ಕೊಂಡು ಮಲಗ್ತೀಯಾ?”

ನರ್ಸಮ್ಮ ನಕ್ಕರು. ಶೆಡ್ಡಿನಿಂದ ಹಳೆಯ ಚಕ್ರಗಳನ್ನು ತರಿಸಿದ ಮೇಲೆ ಚಿಕ್ಕಮ್ಮ ಡ್ರೈವರಿಗೆ ಹಳೆಯದೊಂದನ್ನು, ಬಿಚ್ಚಿದ ಹೊಸದೊಂದನ್ನು ಎತ್ತಲು ಹೇಳಿದಳು. ಹಳೆಯದು ಮಂಡಿಯವರೆಗೆ ಎದ್ದಿತು. ಹೊಸದನ್ನು ಎತ್ತುವಾಗ ಅವನ ಮುಖ ಕೆಂಪಾಯಿತು. ಆಮೇಲೆ ಎರಡರ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಒಂದೊಂದು ಸುತ್ತು ಉರುಳಿಸಿ, ಹೊಲಿಗೆಯ ಟೇಪಿನಿಂದ ಅಳೆದಳು. ಹೊಸ ಚಕ್ರ ಒಂದು ಸುತ್ತಿಗೆ ಒಂದು ಗೇಣು ಹೆಚ್ಚು ಹೋಗುತ್ತಿತ್ತು.

“ಮೀಟರ್ ಸುತ್ತು ಎಣಿಸತ್ತೆ, ದಾರಿ ಎಣಿಸಲ್ಲ. ನೀನು ಹೋದಷ್ಟು ದೂರ ಅದು ತೋರಿಸ್ತಿಲ್ಲ. ಡೀಸೆಲ್ ಲೆಕ್ಕ ಅಷ್ಟೊಂದು ಕೆಟ್ಟದಾಗಿ ಕಂಡಿದ್ದಕ್ಕೆ ಅದೂ ಒಂದು ಕಾರಣ. ಉಳಿದಿದ್ದು ಮಾತ್ರ ನಿಜವಾಗ್ಲೂ ಕುಡಿದಿದ್ದೇ.”

“ಇಷ್ಟು ದೊಡ್ಡ ಗಾಡಿಗೆ ಆ ಚೂರು ಭಾರ ಯಾವ ಲೆಕ್ಕ ಅಕ್ಕಾ?”

ಚಿಕ್ಕಮ್ಮ ಕೈ ಒರೆಸಿಕೊಂಡಳು. “ಒಂದು ಮಳೆಗಾಲ ಇವರ ಬೂಟ್ ಹಾಕ್ಕೊಂಡು ನೀರಿಗೆ ಹೋಗಿದ್ದೆ. ಕೊಡ ಅದೇ, ದಾರಿ ಅದೇ. ನಾಲ್ಕನೇ ಸಲಕ್ಕೆ ತೊಡೆ ನಡುಗ್ತು. ಆವತ್ತು ಎರಡು ಹೊತ್ತಿನ ಊಟ ಒಂದೇ ಹೊತ್ತಿಗೆ ಉಂಡೆ. ಹೊತ್ತ ಭಾರ ಸುಮ್ನೆ ಕೂತಿರತ್ತೆ ಕಣೋ. ಕಾಲಿನ ಭಾರಾನ ಹೆಜ್ಜೆಹೆಜ್ಜೆಗೂ ಎತ್ತಿ ಹಾಕ್ಬೇಕು. ಚಕ್ರಾನೂ ಹಾಗೇ, ನಿಂತಾಗ್ಲೆಲ್ಲ ಮತ್ತೆ ತಿರುಗಿಸ್ಬೇಕು. ಸಾಲದ್ದಕ್ಕೆ ಈ ಬಟನ್‌ಗಳು ಗಟ್ಟಿ ನೆಲದ ಮೇಲೆ ಒಂದೊಂದೂ ಕಚ್ಕೊಂಡು ಏಳ್ತವೆ.”

ಇಷ್ಟು ಹೊತ್ತು ಪೇಪರ್ ಓದುತ್ತಿದ್ದ ಚಿಕ್ಕಪ್ಪ, “ಆ ಬೂಟು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ,” ಎಂದರು.

“ಮತ್ತೆ ಹೂತ್ಕೊಂಡ್ರೆ?” ಡ್ರೈವರನ ಚಿಂತೆ ಅವನಿಗೆ.

“ಕೆಸರು ಬಂದಾಗ ಸ್ವಲ್ಪ ಗಾಳಿ ಇಳಿಸು, ಟೈರು ಹರಡ್ಕೊಂಡು ಹಿಡಿಯತ್ತೆ. ದಾಟಿದ ಮೇಲೆ ಪಂಪ್ ಹಾಕಿ ತುಂಬ್ಸು. ಸೋಮಾರಿತನ ಮಾಡಿ ಹಾಗೇ ಓಡಿಸಿದ್ರೆ ಅದೂ ಡೀಸೆಲ್ ಕುಡಿಯತ್ತೆ. ಅಷ್ಟಕ್ಕೂ ಹೂತ್ಕೊಂಡ್ರೆ ಹೆಂಗಸರು ತಳ್ಳಿಕೊಡ್ತಾರೆ. ನಿಂಗೆ ನಾಚಿಕೆ ಆಗಿರಬಹುದು, ಅವರಿಗೇನೂ ಆಗಿಲ್ಲ.”

ಊಟದ ಹೊತ್ತು ಮೀರಿದರೂ ಏಳದೆ ನಾಲ್ಕೂ ಚಕ್ರ ಬದಲಾಯಿಸಿದಳು. ಕಾಲುಪಂಪೊಂದನ್ನು ಟ್ರಕ್ಕಿನ ಸೀಟಿನ ಕೆಳಗೆ ತಾನೇ ತುರುಕಿದಳು.

ಆ ತಿಂಗಳ ನಾಲ್ಕನೇ ವಾರವೂ ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಟ್ರಕ್ಕು ಗುಡ್ಡದ ತುದಿಗೆ ಹತ್ತಿತು. ಅಕ್ಕನ ತೋಳಿಗೆ ಪಟ್ಟಿ ಸುತ್ತಿ ನರ್ಸಮ್ಮ ಎರಡು ಸಲ ನೋಡಿದರು, ಎರಡು ಸಲವೂ ರಕ್ತದೊತ್ತಡ ಏರಿತ್ತು. “ಹತ್ತಮ್ಮ ಗಾಡಿ,” ಎಂದರು. ಹದಿನೆಂಟು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಹೆರಿಗೆ ಮಾಡಿಸಿದರು. ಎರಡು ಕಿಲೋದ ಹೆಣ್ಣುಮಗು. ಅತ್ತಾಗ ವಾರ್ಡಿನವರೆಲ್ಲ ತಿರುಗಿ ನೋಡಿದರು.

ಆಸ್ಪತ್ರೆಯ ದೊಡ್ಡ ಡಾಕ್ಟರು ಅಂಗಡಿಗೇ ಬಂದು ಚಿಕ್ಕಪ್ಪನ ಕೈ ಕುಲುಕಿದರು. “ನಮ್ಮ ಅಂಗಡೀದು ಹಳೇ ಅನುಭವ ಸಾರ್,” ಎಂದರು ಚಿಕ್ಕಪ್ಪ. ಡ್ರೈವರ್ ಸುಮ್ಮನಿರಲಿಲ್ಲ. “ಹೇಳಿದ್ದೂ ಮಾಡಿದ್ದೂ ಆಯಮ್ಮ ಸಾರ್,” ಎಂದು ಲಾರಿಯ ಕೆಳಗೆ ಕಾಣುತ್ತಿದ್ದ ಎರಡು ಪಾದ ತೋರಿಸಿದ.

ಮೂರು ತಿಂಗಳು ತುಂಬಿದ ಮೇಲೆ ಅಕ್ಕ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಜೊತೆಗೆ ತಾನೇ ಮಾಡಿದ ಅಡುಗೆಯ ಬುತ್ತಿ. ಮಗುವನ್ನು ಚಿಕ್ಕಪ್ಪನ ಮಡಿಲಿಗಿಟ್ಟು, ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮನನ್ನು ಕೂರಿಸಿ ಬಡಿಸಿದಳು. ಬಿಸಿ ಅನ್ನವನ್ನು ಕೂತು ಉಣ್ಣುವುದು ಚಿಕ್ಕಮ್ಮನಿಗೆ ಅಭ್ಯಾಸವಿಲ್ಲ. ಎರಡು ತುತ್ತಿಗೊಮ್ಮೆ ಏಳಲು ನೋಡುತ್ತಿದ್ದಳು. ಅಕ್ಕ ಭುಜ ಒತ್ತಿ ಕೂರಿಸುತ್ತಿದ್ದಳು.

ಹೊರಗಿನಿಂದ ಚಿಕ್ಕಪ್ಪನ ದನಿ ಬಂತು. “ಏ ಇವಳೇ, ಬಾ ಇಲ್ಲಿ, ಮಗು ಒದ್ದೆ ಮಾಡ್ಕೊಂಡಿದೆ.”

“ಅವರನ್ನ ಕರೀಬೇಡಿ ಚಿಕ್ಕಪ್ಪಾ, ಊಟ ಮಾಡ್ತಿದಾರೆ,” ಎಂದಳು ಅಕ್ಕ. “ಬಟ್ಟೆ ಚೀಲದಲ್ಲಿದೆ.”