ಬ್ರೇಕಿನ ದನಿ ಬಲ್ಲ ಹೀರಾಬಿ

ಬೆಳಗಿನ ಆರು ಗಂಟೆ. ರಾಯಚೂರಿನ ಗಂಜ್ ಹತ್ತಿರ, ದೇವದುರ್ಗದ ಬಸ್ಸುಗಳು ಹಾಯುವ ರಸ್ತೆಯಂಚಿನ ತಗಡಿನ ಶೆಡ್ಡಿನಲ್ಲಿ ಹೀರಾಬಿ ಮೊಣಕಾಲೂರಿ ಕುಳಿತಿದ್ದಾರೆ. ಎದುರಿಗೆ ಮುಂದಿನ ಚಕ್ರ ಕಳಚಿಟ್ಟ ಹಳೆಯ ಅಂಬಾಸಿಡರ್. ಕಬ್ಬಿಣದ ಡ್ರಮ್ಮನ್ನು ಅಲುಗಾಡಿಸಿ ಎಳೆದು ತೆಗೆದವರೇ ಅದರ ಒಳಮೈ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಬೆರಳು ಒಂದು ಕಡೆ ತಡೆದು ನಿಲ್ಲುತ್ತದೆ.

“ಇಲ್ಲಿ ಗೀರು ಬಿದ್ದಾವ ನೋಡ್ರಿ. ಲೈನಿಂಗ್ ಸವದು ಮೊಳಿ ತಲಿ ಹೊರಗ ಬಂದಾವ. ಇನ್ನೊಂದು ವಾರ ಓಡಿಸಿದ್ರ ಡ್ರಮ್ಮೇ ಹಾಳು.”

ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಗಡಸು ಪಟ್ಟಿಗೆ ಲೈನಿಂಗ್ ಎನ್ನುತ್ತಾರೆ. ಸವೆದ ಪಟ್ಟಿ ಕಿತ್ತು, ತಾಮ್ರದ ಮೊಳೆ ಬಡಿದು ಹೊಸದನ್ನು ಕೂರಿಸುವುದು ಹೀರಾಬಿಯ ಕೆಲಸ. ಈಗ ದಿನಕ್ಕೆ ಐದಾರು ಗಾಡಿ, ಇನ್ನೂರರ ಹತ್ತಿರ ಮೊಳೆ. ಹತ್ತು ವರ್ಷಗಳಿಂದ, ಅಂದರೆ ೧೯೭೪ರಿಂದ, ಶುಕ್ರವಾರ ಬಿಟ್ಟರೆ ರಜೆ ಇಲ್ಲ.

ಈ ಸುತ್ತಿಗೆ ಮೊದಲು ಅವರ ಗಂಡ ಪೀರಾ ಸಾಬರ ಕೈಯಲ್ಲಿತ್ತು. ಹೀರಾಬಿ ಮಧ್ಯಾಹ್ನ ಬುತ್ತಿ ತಂದವರು ಅಲ್ಲೇ ಕುಳಿತು ಮೊಳೆ ಹಿಡಿದುಕೊಡುತ್ತಿದ್ದರು. ಕೆಮ್ಮು ಜೋರಾಗಿ ಪೀರಾ ಸಾಬರಿಗೆ ನಾಲ್ಕು ಹೆಜ್ಜೆಗೇ ಏದುಸಿರು ಬರತೊಡಗಿದಾಗ ಶೆಡ್ಡಿಗೆ ಬೀಗ ಬಿತ್ತು. ಹದಿನೈದು ದಿನ ಕಳೆದ ಮೇಲೆ ಆ ಬೀಗ ತೆಗೆದವರು ಹೀರಾಬಿ.

“ಡ್ರಮ್ ಬಿಚ್ಚಿದ ಕೂಡಲೇ ಇವರು ಬಾಯಿಲೆ ಊದಿ ಧೂಳು ಹಾರಿಸ್ತಿದ್ರು. ಎದಿ ಅದರಿಂದಲೇ ಕೆಟ್ಟದ ಅಂತ ನನ್ನ ಅನುಮಾನ. ಡಾಕ್ಟರು ಹೌದೂ ಅನಲಿಲ್ಲ, ಅಲ್ಲಾ ಅಂತನೂ ಅನಲಿಲ್ಲ. ನಾ ಮಾತ್ರ ಹಸಿ ಅರಬಿಲೆ ಒರಸ್ತೀನ್ರಿ, ಊದಂಗಿಲ್ಲ,” ಎನ್ನುತ್ತ ಅವರು ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡುತ್ತಾರೆ. ಶೆಡ್ಡಿಗೆ ಬರುವ ಮೆಕ್ಯಾನಿಕರಿಗೂ ಊದಲು ಬಿಡುವುದಿಲ್ಲ.

ಮೊದಮೊದಲು ಗಿರಾಕಿಗಳು ಬಾಗಿಲವರೆಗೆ ಬಂದು, ಒಳಗೆ ಹೆಂಗಸನ್ನು ಕಂಡು ತಿರುಗಿ ಹೋಗುತ್ತಿದ್ದರು. ಹೀರಾಬಿ ಸೈಕಲ್ ರಿಕ್ಷಾಗಳ ಬ್ರೇಕ್ ಕಟ್ಟುತ್ತ ಐದು ವರ್ಷ ದಬ್ಬಿದರು. ಅವರ ಕೈಗೆ ಕಾರುಗಳು ಬಂದದ್ದು ನೀರಮಾನ್ವಿಯ ದೊಡ್ಡಪ್ಪ ಎಂಬ ಡ್ರೈವರಿನಿಂದ.

ದೊಡ್ಡಪ್ಪ ದೇವದುರ್ಗಕ್ಕೆ ಬಾಡಿಗೆ ಕಾರು ಓಡಿಸುವವರು. ೧೯೭೯ರ ಒಂದು ಬೆಳಿಗ್ಗೆ ಅವರ ಕಾರು ಶೆಡ್ಡಿನೆದುರು ನಿಧಾನಿಸಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ‘ಕರ್ರ್’ ಸದ್ದು ಬಂತು. ಹೀರಾಬಿ ಸುತ್ತಿಗೆ ಬಿಟ್ಟು ಓಡಿಹೋಗಿ ಕಾರಿನ ಮೂತಿಗೆ ಅಡ್ಡ ನಿಂತರು. ಒಳಗೆ ಆರು ಜನ ಪ್ರಯಾಣಿಕರು.

“ಪೆಡಲ್ ಮೊದಲಿಗಿಂತ ಆಳಕ್ಕ ಹೋಗ್ತದೇನ್ರಿ?”

“ಹೋದ್ರ ಏನಾತು? ಗಾಡಿ ನಿಲ್ತದಲ್ಲ!”

“ಬ್ರೇಕ್ ಎಣ್ಣಿ ಎಷ್ಟು ಸಲ ಹಾಕಾಕತ್ತೀರಿ?”

“ವಾರಕ್ಕ ಎರಡು ಸಲ. ಬಾಜೂಕ ಸರಿ ಬೇ, ಹೊತ್ತಾತು.”

“ಹಂಗಾರ ಹೋಗಬ್ಯಾಡ್ರಿ. ಲೈನಿಂಗ್ ಮುಗದದ, ಎಣ್ಣಿ ಸೋರಾಕತ್ತದ.”

ದೊಡ್ಡಪ್ಪ ಕೇಳಲಿಲ್ಲ, ಹಾರ್ನ್ ಒತ್ತಿದರು. ಹೀರಾಬಿ ದಾರಿ ಬಿಟ್ಟರು, ಆದರೆ ಕಿಟಕಿ ಹಿಡಿದು ಜೊತೆಗೇ ನಾಲ್ಕು ಹೆಜ್ಜೆ ಓಡಿದರು. “ಪೆಡಲ್ ನೆಲಕ್ಕ ಹೋದ್ರ ಗಾಬರಿ ಆಗಬ್ಯಾಡ್ರಿ. ಒಂದೊಂದೇ ಗೇರ್ ಇಳಸ್ರಿ, ಹ್ಯಾಂಡ್ ಬ್ರೇಕ್ ಮೆಲ್ಲಕ ಎಳೀರಿ!”

ದೇವದುರ್ಗದ ದಾರಿಯಲ್ಲಿ ಗಬ್ಬೂರು ಇನ್ನೇನು ಬಂತು ಅನ್ನುವಾಗ ಇಳಿಜಾರಿನಲ್ಲಿ ಎಮ್ಮೆಗಳ ಹಿಂಡು ರಸ್ತೆ ತುಂಬಿತ್ತು. ದೊಡ್ಡಪ್ಪ ತುಳಿದ ಪೆಡಲ್ ಸುಮ್ಮನೆ ನೆಲ ಮುಟ್ಟಿತು. “ಜನ ಚೀರಾಕತ್ತಿದ್ರು. ನನಗ ಮಾತ್ರ ಆ ಹೆಣ್ಮಗಳ ಮಾತ ಕೇಳಾಕತ್ತಿತ್ತು,” ಎಂದು ಅವರೇ ನನಗೆ ಹೇಳಿದರು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಪಕ್ಕದ ಕಣದಲ್ಲಿದ್ದ ಹೊಟ್ಟಿನ ರಾಶಿಗೆ ಕಾರು ನುಗ್ಗಿಸಿದರು. ಆರು ಜನರೂ ಹೊಟ್ಟು ಕೊಡವಿಕೊಂಡು ಇಳಿದರು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಮರುದಿನ ದೊಡ್ಡಪ್ಪ ಬಸ್ಸಿನಲ್ಲಿ ಬಂದು, ಕಾರಿನಿಂದ ಬಿಚ್ಚಿ ತಂದ ಬ್ರೇಕಿನ ಸಾಮಾನಿನ ಗೋಣಿಚೀಲವನ್ನು ಹೀರಾಬಿಯ ಮುಂದಿಟ್ಟರು. “ಮೊದಲ ಚಾ ತರಿಸಿದೆ. ಆಮ್ಯಾಲ ಚೀಲ ಬಿಚ್ಚಿದೆ,” ಎನ್ನುತ್ತಾರೆ ಹೀರಾಬಿ.

ದೊಡ್ಡಪ್ಪ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಾನ್ವಿಯ ಸ್ಟ್ಯಾಂಡಿನಲ್ಲಿ, ದೇವದುರ್ಗದ ಸಂತೆಯಲ್ಲಿ ಸಿಕ್ಕ ಡ್ರೈವರಿಗೆಲ್ಲ ಈ ಕಥೆ ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಶೆಡ್ಡಿನ ಮುಂದೆ ಗಾಡಿಗಳು ಸಾಲುಗಟ್ಟಿದವು.

ಇಂದು ಹೀರಾಬಿ ಒಂದು ಚಕ್ರದ ಲೈನಿಂಗ್ ಮಾತ್ರ ಬದಲಿಸಿ ಎಂದವರನ್ನು ವಾಪಸ್ ಕಳಿಸುತ್ತಾರೆ. “ಒಂದು ಹೊಸಾದು, ಒಂದು ಹಳೇದು ಇದ್ರ ಗಾಡಿ ಒಂದ ಕಡಿ ಎಳೀತದ. ಜೋಡಿ ಹಾಕಸ್ರಿ, ಇಲ್ಲಾ ಬ್ಯಾಡ ಬಿಡ್ರಿ.” ಮೊಳೆಯನ್ನು ನಡುವಿನಿಂದ ಬಡಿಯುತ್ತ ಎರಡೂ ತುದಿಗೆ ಹೋಗುತ್ತಾರೆ, ಪಟ್ಟಿ ಎಲ್ಲೂ ಉಬ್ಬಬಾರದು. ಪೀರಾ ಸಾಬರು ಮನೆಯಂಗಳದಲ್ಲಿ ಕುಳಿತು ಸಂಜೆ ಪ್ರತಿ ಗಾಡಿಯ ವರದಿ ಕೇಳುತ್ತಾರೆ. “ನನಗಿಂತ ಇಕಿ ಕೈ ಹಗೂರ,” ಎಂದು ಉಸಿರು ಎಳೆದುಕೊಳ್ಳುತ್ತ ನಗುತ್ತಾರೆ.

ಇಷ್ಟೆಲ್ಲ ಗಾಡಿ ನಿಲ್ಲಿಸಿದವರು ತಾವು ಬ್ರೇಕ್ ಕಟ್ಟಿದ ಕಾರಿನಲ್ಲಿ ಒಮ್ಮೆಯೂ ಕುಳಿತಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯೊರೆಸಿಕೊಂಡು ಸ್ವಲ್ಪ ನಾಚುತ್ತಾರೆ.

“ಒಮ್ಮಿ ಮುಂದಿನ ಸೀಟಿನಾಗ ಕುಂತು ದೇವದುರ್ಗಕ್ಕ ಹೋಗಬೇಕ್ರಿ, ಇವರನ್ನೂ ಕರ್ಕೊಂಡು. ಇಳಿಜಾರಿನಾಗ ಬ್ರೇಕ್ ಹೊಡದಾಗ ಗಾಡಿ ಹೆಂಗ ನಿಲ್ತದ ಅಂತ ನೋಡಬೇಕು. ನಿಲ್ತದ, ನನಗ ಗೊತ್ತದ. ಆದ್ರೂ ಒಳಗ ಕುಂತು ನೋಡಬೇಕು.”