ಹಲಗೆಯ ಮೇಲಿನ ಊರ ಬೆಂಡೆ

ಬಂಟ್ವಾಳದ ನಮ್ಮ ಅಂಗಡಿಗೆ ತರಕಾರಿ ತರುತ್ತಿದ್ದ ಬ್ಯಾರಿಯವರು ಬೆಂಡೆ ಇಳಿಸುವ ಮೊದಲು ಒಂದರ ತುದಿಯನ್ನು ಪಟ್ಟೆಂದು ಮುರಿದು ತೋರಿಸುತ್ತಿದ್ದರು. "ಇದು ಘಟ್ಟದ ಮೇಲಿಂದ ಬಂದದ್ದು. ಊರಿನದ್ದಕ್ಕೆ ಅದರದ್ದೇ ದಿನ ಉಂಟು" ಎನ್ನುತ್ತಿದ್ದರು.

ಚೌತಿ ಹತ್ತಿರವಾದಾಗ ಎಲ್ಲರೂ ಹಬ್ಬದಡುಗೆಗೆ ಊರ ಬೆಂಡೆಯನ್ನೇ ಕೇಳತೊಡಗಿದರು. ಮಳೆಯಿಂದ ಅದು ತಡವಾಗಿತ್ತು. ನಾನು ಘಟ್ಟದ ಬೆಂಡೆಯ ಮುಂದೆಯೇ 'ಊರ ಬೆಂಡೆ' ಎಂದು ಹಲಗೆಯಲ್ಲಿ ಬರೆದಿಟ್ಟೆ. ಬ್ಯಾರಿಯವರು ಗಿರಾಕಿಗಳೆದುರೇ ಹೆಗಲ ಬೈರಾಸಿನಿಂದ ಅದನ್ನು ಒರೆಸಿದರು.

"ಬರೆದ್ರೆ ಊರಿನದ್ದು ಆಗ್ತದಾ ಮಾರಾಯ್ರೆ? ನಾಲ್ಕು ದಿನ ಕಾಯುವ."

ಗಿರಾಕಿಗಳು ಬರಿಗೈಯಲ್ಲಿ ಹೋದರು. ಸಿಟ್ಟಿನಲ್ಲಿ ನಾನು ಅವತ್ತು ಅವರಿಗೆ ಚಹಾ ಕೂಡ ತರಿಸಲಿಲ್ಲ.

ನಾಲ್ಕನೆಯ ದಿನ ಅವರು ಪಕ್ಕದ ನರಿಕೊಂಬಿನಿಂದ ಎಳೆ ಬೆಂಡೆ ತಂದು, ತುದಿ ಮುರಿದು, "ಇದು ಊರಿನದ್ದು" ಎಂದರು. ನಾನು ಹಲಗೆಗೆ ಸೀಮೆಸುಣ್ಣ ಹುಡುಕುವಷ್ಟರಲ್ಲಿ ಗಿರಾಕಿಗಳು ಅವರ ಮುಖ ನೋಡಿಯೇ ಬುಟ್ಟಿ ಖಾಲಿ ಮಾಡಿದ್ದರು.