ನಾನು ಓದಿ ಹೇಳಿದ ಅಳತೆ

ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನಾನು ಆಪರೇಷನ್ ಥಿಯೇಟರ್ ನರ್ಸ್. ಹೃದಯದ ಎಡಭಾಗದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಚೀಲವೊಂದಿರುತ್ತದೆ. ಬಡಿತ ತಾಳ ತಪ್ಪಿದವರಲ್ಲಿ ರಕ್ತ ಅಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಭಯ. ಅದಕ್ಕೇ ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಚೀಲದ ಬುಡಕ್ಕೆ ಕ್ಲಿಪ್ ಹಾಕಿ ಮುಚ್ಚುತ್ತಾರೆ. ಸರಿಯಾದ ಗಾತ್ರದ ಕ್ಲಿಪ್ ಆರಿಸಲು ಮೊದಲು ಬುಡವನ್ನು ಅಳೆಯಬೇಕು. ಮಿಲಿಮೀಟರ್ ಗೆರೆಗಳಿರುವ, ಬಾಗುವ ಪಟ್ಟಿಯೊಂದನ್ನು ಸರ್ಜನ್ ಒಳಗೆ ಹಿಡಿಯುತ್ತಾರೆ. ಪರದೆ ನೋಡಿ ಅಂಕಿ ಹೇಳುವುದು ನನ್ನ ಕೆಲಸ.

ಆ ದಿನದ ರೋಗಿ ಎಜ್‌ವೇರ್‌ನಲ್ಲಿ ಮಗನ ಜೊತೆಗಿದ್ದ ಮೈಸೂರಿನ ಹಿರಿಯ ಹೆಂಗಸು. ನಾನು ಕನ್ನಡದವಳೆಂದು ತಿಳಿದು ಕೈ ಹಿಡಿದುಕೊಂಡರು.

“ಎದೆ ಕುಯ್ಯಲ್ಲ ತಾನೇ ತಾಯಿ?”

“ಇಲ್ಲ ಅಮ್ಮ, ಮೂರು ಸಣ್ಣ ತೂತು, ಅಷ್ಟೆ,” ಎಂದೆ.

ಧಾರವಾಡದವರಾದ ನಮ್ಮ ಸರ್ಜನ್ ಪಟ್ಟಿ ಇಟ್ಟರು. ಹೃದಯದ ಬಡಿತಕ್ಕೆ ಅದು ಅಲುಗುತ್ತಿತ್ತು. ಚೀಲದ ಅಂಚು ನಲವತ್ತರ ಗೆರೆಯಲ್ಲಿದೆಯೋ, ದಾಟಿದೆಯೋ ನನಗೆ ಕಾಣಲಿಲ್ಲ.

“ನಲವತ್ತು,” ಎಂದೆ.

“ಖಾತ್ರಿ ಏನ್ರಿ ಸಿಸ್ಟರ್? ಇನ್ನೊಮ್ಮೆ ಹಿಡೀಲೇನು?”

ಆ ತಂಡ ಸೇರಿ ಎರಡೇ ತಿಂಗಳಾಗಿತ್ತು. ಹ್ಞೂಂ ಎಂದರೆ ಇವಳಿಗೆ ಓದಲೂ ಬಾರದೆಂದುಕೊಂಡಾರು ಅನ್ನಿಸಿತು. “ಬೇಡ ಸರ್,” ಎಂದುಬಿಟ್ಟೆ.

ಕ್ಲಿಪ್ ಗಿಡ್ಡವಾಯಿತು. ಅದನ್ನು ತೆಗೆದು ದೊಡ್ಡದನ್ನು ಹಾಕುವಾಗ ಬುಡ ಹರಿದು ರಕ್ತ ಚಿಮ್ಮಿತು. ಎದೆ ತೆರೆಯಲೇಬೇಕಾಯಿತು. ಜೀವ ಉಳಿಯಿತು.

ಹೊರಗೆ ಬಂದ ಸರ್ಜನ್ ಮಗನಿಗೆ, “ಅಳತಿ ತಪ್ಪಿತು. ಜವಾಬ್ದಾರಿ ನಂದು,” ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ನೆಲ ನೋಡಿದೆ.

ಮುಂದಿನ ಐದು ದಿನವೂ ಐಸಿಯುಗೆ ಹೋಗಿ ಆ ಅಮ್ಮನನ್ನು ಮಾತಾಡಿಸಿ ಬಂದೆ. ತುಟಿಗೆ ನೀರು ಹಚ್ಚಿದೆ, ದಿಂಬು ಸರಿಮಾಡಿದೆ. “ಥಿಯೇಟರ್‌ನಿಂದ ದಿನಾ ಬಂದು ನೋಡೋರು ನೀವೊಬ್ರೇ,” ಎಂದು ಮಗ ಕೈ ಮುಗಿದ. ಅವನು ಕೈ ಮುಗಿದದ್ದನ್ನು ತಾಳಲಾಗಲಿಲ್ಲ. ಮರುದಿನ ಸರ್ಜನ್ ಕೋಣೆಗೆ ಹೋದೆ.

“ಸರ್, ಅವತ್ತು ಗೆರೆ ನನಗೆ ಸರಿಯಾಗಿ ಕಂಡಿರ್ಲಿಲ್ಲ. ಆದ್ರೂ ಹೇಳ್ದೆ.”

“ಆಗ ಹೇಳಿದ್ರ ಒಂದು ನಿಮಿಷ ಹೋಗ್ತಿತ್ತು, ಅಷ್ಟ,” ಎಂದರು. ಬೈಯಲಿಲ್ಲ. “ಬರದು ಕೊಡ್ರಿ. ಪೇಷಂಟಿಗೂ ಹೇಳೋಣು.”

ಸರ್ಜನ್ ಜೊತೆಗೆ ಬಂದರು, ಹೇಳಿದವಳು ನಾನೇ. ಅಮ್ಮ ಕೊನೆಯವರೆಗೂ ಕೇಳಿದರು.

“ತಪ್ಪು ಯಾರಿಂದಾದ್ರೂ ಆಗತ್ತೆ. ಆದ್ರೆ ದಿನಾ ಬಂದು ಮಾತಾಡಿಸ್ತಿದ್ಯಲ್ಲ, ಆಗ್ಯಾಕೆ ಹೇಳ್ಲಿಲ್ಲ?”

ಅವರು ಮುಖ ಆಚೆ ತಿರುಗಿಸಿ, ಹಾಸಿಗೆಯ ಸುತ್ತಲಿನ ಪರದೆ ಎಳೆಯಲು ಹೇಳಿದರು.

ಮೂರು ವಾರಕ್ಕೆ ಮನೆಗೆ ಹೋದರು. ನನ್ನ ಕೆಲಸ ಉಳಿಯಿತು. ಈಗ ನಮ್ಮಲ್ಲಿ ಅಳತೆಯನ್ನು ಇಬ್ಬರು ಓದುತ್ತಾರೆ.

ಈಚೆಗೆ ಕಿಂಗ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಅವರು ಕಂಡರು. ಮಗನ ತೋಳು ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ನನ್ನನ್ನು ನೋಡಿ, ಗುರುತು ಸಿಕ್ಕಿತೆಂಬಂತೆ ತಲೆಯಾಡಿಸಿದರು. ಹತ್ತಿರ ಹೋಗಿ ಹೇಗಿದ್ದೀರಿ ಎನ್ನಬಹುದಿತ್ತು. ಆಗಲಿಲ್ಲ. ಬುಟ್ಟಿ ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ.